ಸಿಕಂದರ್ ಸಾಬರು ನೋಡಿದ ಕೈಗಳು

ಜೂನ್ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸಿಕಂದರ್ ಸಾಬರು ದಾವಣಗೆರೆ ಮಂಡಿಪೇಟೆಯ ತಮ್ಮ ಅಂಗಡಿಯಲ್ಲಿ ಕೂತು, ಒಂದು ಡಜನ್ ಹಸಿರು ಗಾಜಿನ ಬಳೆಗಳನ್ನು ಬಲಗಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದರು. ಹನ್ನೆರಡೂ ಸರಿಯಿದ್ದರೆ ಸದ್ದು ತೆಳ್ಳಗೆ, ಒಂದೇ ಸಮನೆ ಬರುತ್ತದೆ. ಒಂದರಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನಡುವೆ ಮಂಕಾದ ಸದ್ದೊಂದು ಸೇರಿಕೊಳ್ಳುತ್ತದೆ. ಮೂವತ್ತೊಂದು ವರ್ಷದ ವ್ಯಾಪಾರದಲ್ಲಿ ಹೀಗೆ ಕೇಳಿ ನೋಡದ ಬಳೆಯನ್ನು ಅವರು ಯಾರ ಕೈಗೂ ಹಾಕಿದವರಲ್ಲ. ಪೆಟ್ಟಿಗೆಯ ಮೇಲಿನ ಮೊಹರನ್ನಾಗಲಿ, ಏಜೆಂಟನ ಮಾತನ್ನಾಗಲಿ ನಂಬುವ ಜಾಯಮಾನ ಅವರದಲ್ಲ. ಮನೆಯಲ್ಲೂ ಅಷ್ಟೇ. ಹಾಲಿನವನು ಅಳೆದುಕೊಟ್ಟ ಹಾಲನ್ನು ಒಳಗೆ ತಂದು ಇನ್ನೊಮ್ಮೆ ಅಳೆಯುತ್ತಿದ್ದರು.

ಎದುರಿಗೆ ಕೂತಿದ್ದ ಕಸ್ತೂರಮ್ಮ ಹಳೇ ಗಿರಾಕಿ. ಕೈ ಚಾಚಿಕೊಂಡು ಕಾದು ಕಾದು ಬೇಸತ್ತಿದ್ದರು.

“ಏನ್ರೀ ಸಾಬ್ರೆ, ಬಳೆಗೇನು ಜ್ವರ ಬಂದೈತಾ? ಡಾಕ್ಟ್ರು ನಾಡಿ ನೋಡಿದಂಗೆ ನೋಡಾಕತ್ತೀರಿ.”

“ಗಾಜು ತಾನಾಗಿ ಬಾಯಿ ಬಿಡಲ್ಲ ಕಸ್ತೂರಮ್ಮಾರೆ. ನಾವೇ ಕೇಳ್ಬೇಕು.”

“ನಿಮ್ಮ ಹೆಂಡ್ತೀನೂ ಹಿಂಗೇ ಅಲುಗಿಸಿ ನೋಡಿ ಮದುವೆ ಆದ್ರೇನು?”

ಸಾಬರು ನಗಲಿಲ್ಲ. ಕಸ್ತೂರಮ್ಮನ ಅಂಗೈಯನ್ನು ಎಡಗೈಯಲ್ಲಿ ಹಿಡಿದು, ಗೆಣ್ಣುಗಳನ್ನು ಒತ್ತಿ ಮಡಚಿ, ಎರಡು-ಆರರ ಅಳತೆಯ ಚಿಕ್ಕ ಬಳೆಯನ್ನು ಎರಡು-ಎಂಟರ ದೊಡ್ಡ ಕೈಗೆ ಇಳಿಸಿಬಿಟ್ಟರು. ಆ ಕೆಲಸದಲ್ಲಿ ಅವರನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಅವರ ಎಡಗೈ ಹೆಬ್ಬೆರಳು ಉಳಿದವರ ಹಾಗೆ ಗಿಡ್ಡಗೆ, ದಪ್ಪಗೆ ಇಲ್ಲದೆ ಉದ್ದಕ್ಕೆ, ಸಪೂರವಾಗಿ, ಮೂರು ಗೆಣ್ಣಿನದಾಗಿ ಬೆಳೆದಿತ್ತು. ನೋಡಿದರೆ ಇನ್ನೊಂದು ಬೆರಳು ಎನ್ನಬೇಕು. ಗೆಣ್ಣಿನ ಸಂದಿಗೆ ಅದು ಸಲೀಸಾಗಿ ಹೋಗುತ್ತಿತ್ತು. ಬಳೆಗಾರನಿಗೆಂದೇ ದೇವರು ಮಾಡಿಕೊಟ್ಟ ಬೆರಳು ಎಂದು ಹೆಂಗಸರು ಹೇಳುತ್ತಿದ್ದರು. ಸಾಬರು ನಂಬುತ್ತಿದ್ದ ಹೊಗಳಿಕೆ ಅದೊಂದೇ.

ಅಷ್ಟರಲ್ಲಿ ಫೋನ್ ಬಂತು. ಮಗ ಜುಬೇರ್, ಆಸ್ಪತ್ರೆಯಿಂದ. ಜುಬೇರ್ ಮತ್ತು ಸೊಸೆ ನುಜತ್ ನಾಲ್ಕು ತಿಂಗಳ ಕೂಸು ಮಹೀನ್‌ಳನ್ನು ತೋರಿಸಲು ಹೋಗಿದ್ದರು. ಹಾಲು ಕುಡಿಯುವಾಗ ಕೂಸಿನ ಹಣೆ ಬೆವರುತ್ತಿತ್ತು, ತೂಕವೂ ಏರುತ್ತಿರಲಿಲ್ಲ.

“ಅಬ್ಬಾ, ಎದೇಲಿ ಏನೋ ಸದ್ದು ಐತೆ ಅಂದ್ರು. ಸ್ಕ್ಯಾನ್ ಮಾಡಿದ್ರು. ಹೃದಯದ ನಡುಗೋಡೇಲಿ ತೂತು ಐತಂತೆ. ಒಂಬತ್ತು ಮಿಲಿಮೀಟರ್.”

“ಯಾವ ಡಾಕ್ಟ್ರು? ಎಷ್ಟು ವಯಸ್ಸು?”

“ಕೃತಿಕಾ ಅಂತ. ಚಿಕ್ಕೋರೇ.”

“ಇನ್ನೊಬ್ಬರಿಗೂ ತೋರಿಸು. ಮಷೀನು ಹಳೇದಿರಬೇಕು.”

“ಇಬ್ರು ಡಾಕ್ಟ್ರು ನೋಡಿದ್ರು ಅಬ್ಬಾ. ಇನ್ನೊಂದು ಮಾತು. ಕೂಸಿನ ಎಡಗೈ ಹೆಬ್ಬೆರಳು ಸಣ್ಣದೈತಲ್ಲ, ಅದನ್ನ ಬಹಳ ಹೊತ್ತು ನೋಡಿದ್ರು. ಮನೆತನದಲ್ಲಿ ಯಾರಿಗಾದ್ರೂ ಹೆಬ್ಬೆರಳಿನ ತೊಂದರೆ, ಹೃದಯದ ತೊಂದರೆ ಐತಾ ಅಂತ ಕೇಳಿದ್ರು. ನಮ್ಮ ಮೂವರ ರಕ್ತ ತಗೊಂಡಾರೆ. ಬೆಂಗಳೂರಿಗೆ ಕಳಿಸ್ತಾರಂತೆ, ರಿಪೋರ್ಟಿಗೆ ಆರು ವಾರ.”

ಸಾಬರು ಫೋನ್ ಇಟ್ಟು ಹನ್ನೆರಡು ಬಳೆಗಳನ್ನು ಮತ್ತೊಮ್ಮೆ ಅಲುಗಿಸಿದರು. ಕಿವಿಗೆ ಏನೂ ಕೇಳಿಸಲಿಲ್ಲ. ತಲೆಯೊಳಗೆ ಮಾತ್ರ ಲೆಕ್ಕ ಶುರುವಾಗಿತ್ತು. ಮನೆತನ ಎಂದರೆ ಯಾರ ಮನೆತನ? ತಮ್ಮ ಕಡೆ ಇಂಥ ಗಿಡ್ಡ ಬೆರಳು ಯಾರಿಗೂ ಇಲ್ಲ. ಇದ್ದಿದ್ದರೆ ಕೈ ನೋಡಿಯೇ ಬದುಕುವ ತಾವು ಕಾಣದೆ ಇರುತ್ತಿದ್ದೆವೇ? ಹಾಗಾದರೆ ಉಳಿದದ್ದು ಹರಿಹರದ ಕಡೆ.

ನುಜತ್ ಹರಿಹರದ ಪಕ್ಕದ ಗುತ್ತೂರಿನ ಹುಡುಗಿ. ಅವಳ ತಂದೆ ಸೈಫುಲ್ಲಾ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುವವರು. ಮೂರು ವರ್ಷದ ಹಿಂದೆ ಸಂಬಂಧ ಕೂಡಿ ಬಂದಾಗ ಎಲ್ಲವೂ ಚೆನ್ನಾಗಿಯೇ ಕಂಡಿತ್ತು. ಈಗ ಹಿಂತಿರುಗಿ ನೋಡಿದರೆ ಒಂದೊಂದೂ ಬೇರೆಯೇ ಕಾಣತೊಡಗಿತು. ನಿಖಾಹ್ ಎರಡೇ ತಿಂಗಳಲ್ಲಿ ಆಗಲಿ ಎಂದು ಸೈಫುಲ್ಲಾ ಯಾಕೆ ಅವಸರ ಮಾಡಿದರು? ಹೆಣ್ಣು ನೋಡಲು ಹೋದಾಗ ಅವರ ಮುದಿ ತಾಯಿ ಅಷ್ಟು ಹೊತ್ತೂ ಎರಡೂ ಕೈಗಳನ್ನು ಶಾಲಿನೊಳಗೆ ಯಾಕೆ ಇಟ್ಟುಕೊಂಡಿದ್ದರು? ಮೇ ತಿಂಗಳ ಸೆಕೆಯಲ್ಲಿ ಶಾಲು!

ಒಂದು ವಾರ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತು ಮುಂದಿನ ಮಂಗಳವಾರ ಊಟದ ಹೊತ್ತಿಗೆ ಹೊರಬಿತ್ತು.

“ನಿಮ್ಮ ಕಡೆ ಯಾರಿಗಮ್ಮಾ ಇಂಥ ಬೆರಳು?”

ನುಜತ್ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. “ಯಾರಿಗೂ ಇಲ್ಲ ಅಬ್ಬಾ.”

“ಸರಿಯಾಗಿ ನೆನಪು ಮಾಡ್ಕೋ. ಹೇಳದೇ ಇರೋದು ಬೇರೆ, ಇಲ್ಲದೇ ಇರೋದು ಬೇರೆ.”

“ಮದುವೆ ಮಾತಿಗೆ ಬಂದಾಗ ನನ್ನ ಕೈಗೆ ಬಳೆ ಹಾಕಿದ್ದು ನೀವೇ ಅಲ್ವಾ? ಎರಡು ಸಲ ತಿರುಗಿಸಿ ನೋಡಿದ್ರಿ. ಆಗ ಕಾಣದ್ದು ಈಗ ಕಂಡಿತಾ?”

ಸಾಬರ ಹೆಂಡತಿ ಖೈರುನ್ನೀಸಾ ನಡುವೆ ಬಂದರು. “ಸುಮ್ನಿರ್ರಿ. ಕೂಸಿಗೆ ಹುಷಾರಿಲ್ಲ, ನೀವು ಪೊಲೀಸ್ ಸ್ಟೇಷನ್ ತೆಗೆದೀರಿ.” ಆದರೆ ಮಾತು ಬಾಯಿಂದ ಜಾರಿ ಆಗಿತ್ತು. ಜುಬೇರ್ ಅಂಗಡಿಯಿಂದ ಬರುವಷ್ಟರಲ್ಲಿ ನುಜತ್ ಕೂಸಿನ ಬಟ್ಟೆ, ಔಷಧಿ, ಸ್ಕ್ಯಾನಿನ ಹಾಳೆ ಎಲ್ಲ ಚೀಲಕ್ಕೆ ತುಂಬಿದ್ದಳು. ನಾಲ್ಕೂವರೆಯ ಬಸ್ಸಿಗೆ ಗುತ್ತೂರಿಗೆ ಹೊರಟುಹೋದಳು.

ಖಾಲಿ ತೊಟ್ಟಿಲು ನೋಡಿ ಸಾಬರಿಗೆ ಸಂಕಟವಾಗದೆ ಇರಲಿಲ್ಲ. ಕೂಸು ತಮ್ಮ ಗಡ್ಡ ಹಿಡಿದು ಎಳೆಯುತ್ತಿದ್ದ ಹೊತ್ತು ಬಂದರೆ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಆದರೂ ಅನುಮಾನ ಸಂಕಟಕ್ಕಿಂತ ಗಟ್ಟಿಯಾಗಿತ್ತು. ಸತ್ಯ ಹೊರಬಿದ್ದರೆ, ಮುಚ್ಚಿಟ್ಟವರು ತಲೆ ತಗ್ಗಿಸಿದರೆ, ಸೊಸೆ ಕೂಸಿನೊಂದಿಗೆ ಮರಳುತ್ತಾಳೆ. ದಾರಿ ಅದೊಂದೇ ಎಂದು ಅವರು ತೀರ್ಮಾನಿಸಿದ್ದರು.

ಜುಲೈ ಮೊದಲ ವಾರ ನುಜತ್‌ಳ ತಂಗಿಗೆ ಏಳನೇ ತಿಂಗಳ ಬಳೆ ಶಾಸ್ತ್ರ ಇತ್ತು. ಜಗಳಕ್ಕೆ ಮುಂಚೆಯೇ ಕರೆ ಬಂದಿತ್ತು. ಸಾಬರು ತಾವೇ ಹೋಗುವುದಾಗಿ ಹೇಳಿದಾಗ ಖೈರುನ್ನೀಸಾ ಹುಬ್ಬೇರಿಸಿದರು.

“ನೀವಾ? ಯಾವ ಮುಖ ಇಟ್ಕೊಂಡು?”

“ಬಳೆಗಾರನ ಮುಖ. ಬಂದ ಹೆಂಗಸರಿಗೆಲ್ಲ ನನ್ನ ಕಡೆಯಿಂದ ಬಳೆ.”

“ಪುಕ್ಕಟೆ? ನೀವು?” ಖೈರುನ್ನೀಸಾ ಗಂಡನ ಹಣೆ ಮುಟ್ಟಿ ನೋಡಿದರು.

ಜುಬೇರನನ್ನೂ ಕರೆದುಕೊಂಡು, ಎರಡು ಮರದ ಪೆಟ್ಟಿಗೆ ಹೊತ್ತು ಹರಿಹರದ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ಗುತ್ತೂರು ಸೇರಿದಾಗ ಗಂಟೆ ಹತ್ತೂ ಇಪ್ಪತ್ತು. ಸೈಫುಲ್ಲಾ ಬಾಗಿಲಲ್ಲಿ ನಿಂತು ಮನಸ್ಸಿಲ್ಲದ ಮನಸ್ಸಿನಿಂದ “ಬರ್ರಿ, ಕೂಡ್ರಿ” ಅಂದರು. ಸಾಬರು ನೇರವಾಗಿ ಪಡಸಾಲೆಯಲ್ಲಿ ಚಾಪೆ ಹಾಸಿ, ಪೆಟ್ಟಿಗೆ ತೆರೆದು ಕೂತರು. ಹೆಂಗಸರು ಸಾಲಾಗಿ ಬಂದರು. ಚಿಕ್ಕಮ್ಮಂದಿರು, ಅತ್ತೆಯರು, ಅವರ ಮಕ್ಕಳು. ಪ್ರತಿಯೊಬ್ಬರ ಕೈ ಹಿಡಿದಾಗಲೂ ಸಾಬರು ಮೊದಲು ಹೆಬ್ಬೆರಳಿನ ಬುಡ ಮುಟ್ಟಿ, ಉದ್ದ ನೋಡಿ, ಮಡಚಿ, ಬಿಡುತ್ತಿದ್ದರು. ಆಮೇಲೆ ಬಳೆ. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಪೆನ್ಸಿಲಿನಲ್ಲಿ ಒಂದು ಗೀಟು. ಎರಡು ಗಂಟೆಯ ಹೊತ್ತಿಗೆ ಗೀಟುಗಳು ನಲವತ್ತೊಂದಾದವು. ಒಂದೂ ಗಿಡ್ಡ ಹೆಬ್ಬೆರಳು ಸಿಗಲಿಲ್ಲ.

ಸೈಫುಲ್ಲಾ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ದಿನವಿಡೀ ಕಬ್ಬಿಣವನ್ನು ನೂಲಿನಷ್ಟೂ ತಪ್ಪದೆ ಅಳೆದು ಕತ್ತರಿಸುವ ಮನುಷ್ಯನ ಕಣ್ಣು ತಪ್ಪಿಸುವುದು ಸುಲಭವಲ್ಲ.

“ಭಾಯ್ ಸಾಬ್, ಬಳೆ ಹಾಕಾಕತ್ತೀರೋ, ತನಿಖೆ ಮಾಡಾಕತ್ತೀರೋ?”

“ಅಳತೆ ನೋಡ್ಬೇಕಲ್ಲ ಭಾಯ್.”

“ಬಳೆ ಹೋಗೋದು ಮಣಿಕಟ್ಟಿಗೆ. ನೀವು ನೋಡೋದು ಹೆಬ್ಬೆರಳು.”

ಸಿಕ್ಕಿಬಿದ್ದೆನೆಂಬ ನಾಚಿಕೆಗಿಂತ ಸಾಬರಿಗೆ ಆಗ ಹೊಳೆದದ್ದೇ ಬೇರೆ. ಇಷ್ಟು ಗಮನವಿಟ್ಟು ಕಾಯುತ್ತಿದ್ದಾರೆಂದರೆ ಬಚ್ಚಿಡುವುದಕ್ಕೆ ಏನೋ ಇದೆ. ನಲವತ್ತೊಂದು ಜನ ಬಂದರು, ಬರದೆ ಉಳಿದದ್ದು ಒಬ್ಬರೇ, ಶಾಲಿನ ಅಜ್ಜಿ. ಒಳಕೋಣೆಯ ಬಾಗಿಲು ಬೆಳಿಗ್ಗೆಯಿಂದ ಅರ್ಧ ಮುಚ್ಚಿಯೇ ಇತ್ತು. ಸಾಬರು ಎದ್ದರು. ನಾಲ್ಕು ಹಸಿರು ಬಳೆ ಕೈಯಲ್ಲಿ ಹಿಡಿದು, ಯಾರೂ ತಡೆಯುವ ಮುಂಚೆ ಒಳಗೆ ನುಗ್ಗಿ, ಮಂಚದ ಮೇಲೆ ಕೂತಿದ್ದ ಅಜ್ಜಿಯ ಮುಂದೆ ಕೂತುಬಿಟ್ಟರು.

“ಅಮ್ಮೀಜಾನ್, ಕೈ ಕೊಡ್ರಿ. ನಿಮಗೊಂದು ಜೊತೆ.”

ಅಜ್ಜಿ ಶಾಲಿನೊಳಗಿಂದ ಎರಡೂ ಕೈಗಳನ್ನು ನಿಧಾನವಾಗಿ ಹೊರತೆಗೆದು ಅಂಗೈ ಮೇಲಾಗಿ ಚಾಚಿದರು. ಹತ್ತೂ ಬೆರಳು ಸರಿಯಾಗಿದ್ದವು. ವಯಸ್ಸಿಗೆ ಗೆಣ್ಣು ಊದಿದ್ದವು, ಅಷ್ಟೇ. ಹೆಬ್ಬೆರಳು ಗುಂಡಗೆ, ಗಟ್ಟಿಯಾಗಿ, ಇರಬೇಕಾದ ಜಾಗದಲ್ಲೇ ಇತ್ತು. ಸಾಬರ ಕಣ್ಣು ಬೆರಳಿನಿಂದ ಮಣಿಕಟ್ಟಿಗೆ ಇಳಿದದ್ದು ಆಮೇಲೆ. ಮಣಿಕಟ್ಟು ಬರಿದಾಗಿತ್ತು. ಗಂಡ ತೀರಿಕೊಂಡ ಇಪ್ಪತ್ತೆರಡು ವರ್ಷದಿಂದ ಆ ಕೈಗೆ ಗಾಜು ಸೋಕಿರಲಿಲ್ಲ. ಶಾಲು ಮುಚ್ಚಿಟ್ಟಿದ್ದು ಆ ಬರಿಗೈಯನ್ನು.

ವಿಧವೆಯ ಮುಂದೆ ಹಸಿರು ಬಳೆ ಹಿಡಿದು ಕೂತ ಬಳೆಗಾರ! ಕೆಲಸ ಕಲಿಯುವ ಹುಡುಗರು ಕೂಡ ಮಾಡದ ತಪ್ಪು. ಬಾಗಿಲಲ್ಲಿ ಹೆಂಗಸರು ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಕೂಸನ್ನು ಎತ್ತಿಕೊಂಡು ನಿಂತಿದ್ದ ನುಜತ್ ಮುಖ ತಿರುಗಿಸಿದಳು.

“ಸಾಕು ಭಾಯ್ ಸಾಬ್,” ಅಂದರು ಸೈಫುಲ್ಲಾ. ದನಿ ಏರಿಸಲಿಲ್ಲ. “ನನ್ನ ಮಗಳ ಮೇಲೆ ಅನುಮಾನ ಪಟ್ರಿ, ತಡ್ಕೊಂಡೆ. ನನ್ನ ತಾಯಿ ಕೈ ಬಿಡಿಸಿ ನೋಡಿದ್ರಿ. ಇನ್ನು ನನ್ನ ಮಗಳು ಆ ಮನೆಗೆ ಬರಬೇಕೋ ಬ್ಯಾಡೋ ಅನ್ನೋದನ್ನ ಇಮಾಮ್ ಸಾಬರು ಹೇಳಲಿ. ರಿಪೋರ್ಟ್ ಬಂದ ಮೇಲಿನ ಭಾನುವಾರ ಕೂಡೋಣ. ಅಲ್ಲೀತನಕ ಅವಳು ದಾವಣಗೆರೆ ದಾರಿ ತುಳಿಯಲ್ಲ.”

ಇಮಾಮ್ ಸಾಬ್ ಎರಡೂ ಕಡೆಯವರು ಒಪ್ಪುವ ಹಿರಿಯರು. ಅವರು ಬೇಡ ಎಂದರೆ ಮದುವೆ ಮುರಿದಂತೆಯೇ. ಬಸ್ಸಿನಲ್ಲಿ ವಾಪಸ್ ಬರುವಾಗ ಜುಬೇರ್ ಅಪ್ಪನ ಪಕ್ಕ ಕೂರಲಿಲ್ಲ. ಎರಡು ಸೀಟು ಬಿಟ್ಟು ಕೂತ.

ರಿಪೋರ್ಟ್ ಬಂದದ್ದು ಜುಲೈ ಹದಿನೆಂಟರ ಶುಕ್ರವಾರ. ಆಸ್ಪತ್ರೆಗೆ ಹೋದದ್ದು ಅಪ್ಪ, ಮಗ ಇಬ್ಬರೇ. ಡಾಕ್ಟರ್ ಕೃತಿಕಾ ಅಪ್ಪನ ಮುಂದೆ ಹೇಳಬಹುದೇ ಎಂದು ಜುಬೇರನನ್ನು ಕೇಳಿದರು. “ಹೇಳ್ರಿ ಮೇಡಂ. ಅವರೇ ಕೇಳ್ಬೇಕಾದ್ದು,” ಅಂದ ಜುಬೇರ್. ನುಜತ್‌ಳ ಫಲಿತಾಂಶವನ್ನು ಸೋಮವಾರ ಅವಳಿಗೇ ಹೇಳುತ್ತೇನೆ ಎಂದು ಡಾಕ್ಟರ್ ಮೊದಲೇ ಸ್ಪಷ್ಟಪಡಿಸಿದರು.

“ಮಹೀನ್‌ಗೆ ಟಿಬಿಎಕ್ಸ್-ಐದು ಅನ್ನೋ ಜೀನಿನಲ್ಲಿ ಒಂದು ಅಕ್ಷರ ಬದಲಾಗಿದೆ. ಜುಬೇರ್, ಅದೇ ಬದಲಾವಣೆ ನಿಮ್ಮಲ್ಲೂ ಇದೆ. ನಿಮ್ಮಿಂದ ಬಂದಿದೆ.”

ಸಾಬರು ಕುರ್ಚಿಯ ತುದಿಗೆ ಬಂದರು. “ಬಾಟ್ಲಿ ಅದಲುಬದಲಾಗಿರಬೇಕು ಮೇಡಂ. ನನ್ನ ಮಗನ ಹತ್ತೂ ಬೆರಳು ಸರಿ ಅದಾವೆ. ಇಲ್ಲಿ ಹರಿಹರದ ಕಡೆಯವರು ಯಾರಾದ್ರೂ ಕೆಲಸಕ್ಕೆ ಅದಾರಾ?”

ಡಾಕ್ಟರಿಗೆ ನಗು ಬಂದರೂ ನಗಲಿಲ್ಲ. ಜುಬೇರನ ಮಣಿಕಟ್ಟಿನ ಎಕ್ಸ್-ರೇ ತೆಗೆಸಿದರು. ಅರ್ಧ ಗಂಟೆಯ ನಂತರ ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೇರೆ ಬೇರೆ ಇರಬೇಕಾದ ಎರಡು ಸಣ್ಣ ಮೂಳೆಗಳು ಒಂದಾಗಿ ಕೂಡಿಕೊಂಡಿದ್ದವು. ಹೊರಗಿನಿಂದ ನೋಡಿದರೆ ಯಾವ ಬಳೆಗಾರನಿಗೂ ತಿಳಿಯದ ಗುರುತು.

“ನೀವು ಗುತ್ತೂರಿನಲ್ಲಿ ಕೈ ನೋಡಿ ಬಂದ್ರಂತೆ, ಜುಬೇರ್ ಹೇಳಿದ್ರು. ಎಷ್ಟು ಜನರದು?”

“ನಲವತ್ತೆರಡು.”

“ಅದರಲ್ಲಿ ಗಂಡಸರು?”

“ಗಂಡಸರಿಗೆ ನಾನ್ಯಾಕ ಬಳೆ ಹಾಕ್ಲಿ ಮೇಡಂ?”

“ಜೀನಿಗೆ ಗಂಡು ಹೆಣ್ಣು ಅನ್ನೋ ಭೇದ ಇಲ್ಲ ಸಾಬ್ರೆ. ನಿಮ್ಮ ಕೈ ತೋರಿಸ್ತೀರಾ? ಎರಡನ್ನೂ ಮೇಜಿನ ಮೇಲಿಡಿ.”

ಸಾಬರು ಇಟ್ಟರು. ಡಾಕ್ಟರ್ ಎಡಗೈಯ ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ ಒತ್ತಿ, ಗೆಣ್ಣು ಎಣಿಸಿದರು. ಸಾಬರು ಗುತ್ತೂರಿನಲ್ಲಿ ಮಾಡಿದ್ದೂ ಅದನ್ನೇ. ಒಂದು, ಎರಡು, ಮೂರು.

“ಇದು ಉದ್ದ ಐತೆ ಮೇಡಂ,” ಅಂದರು ಸಾಬರು. ದನಿ ಸಣ್ಣಗಾಗಿತ್ತು. “ಕೂಸಿನದು ಗಿಡ್ಡ.”

ಆಗ ಡಾಕ್ಟರ್ ಹಾಳೆಯ ಮೇಲೆ ಒಂದು ಕೊಳವೆಯ ಚಿತ್ರ ಬರೆದರು. ಬಸಿರಿನ ನಾಲ್ಕನೇ ವಾರದಲ್ಲಿ ಹೃದಯ ಹೀಗೆ ಒಂದು ಕೊಳವೆ ಮಾತ್ರ. ಅದು ಬಾಗುತ್ತದೆ, ಸುತ್ತಿಕೊಳ್ಳುತ್ತದೆ, ಒಳಗೆ ಗೋಡೆಗಳು ಎದ್ದು ನಾಲ್ಕು ಕೋಣೆಗಳಾಗುತ್ತವೆ. ತೋಳುಗಳು ಮೊಗ್ಗಿನಂತೆ ಹೊರಡುವುದೂ ಅದೇ ದಿನಗಳಲ್ಲಿ. ಟಿಬಿಎಕ್ಸ್-ಐದು ಸ್ವತಃ ಗೋಡೆ ಕಟ್ಟುವುದಿಲ್ಲ. ಉಳಿದ ಜೀನುಗಳಿಗೆ ಎಲ್ಲಿ ಶುರುಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುತ್ತದೆ. ಹೃದಯಕ್ಕೂ ಕೈಗೂ ಮೇಸ್ತ್ರಿ ಒಬ್ಬನೇ. ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ. ಒಂದು ಕೆಟ್ಟರೆ ಹೇಳಿಕೆ ಅರ್ಧಕ್ಕೆ ಇಳಿಯುತ್ತದೆ. ಅರ್ಧ ಸಾಲದೆ ಹೋದಾಗ ಒಬ್ಬರಲ್ಲಿ ಗೋಡೆ ಪೂರ್ತಿಯಾಗುವುದಿಲ್ಲ, ಒಬ್ಬರಲ್ಲಿ ಬೆರಳು ಬೆಳೆಯುವುದಿಲ್ಲ, ಇನ್ನೊಬ್ಬರಲ್ಲಿ ಅದೇ ಬೆರಳು ಒಂದು ಗೆಣ್ಣು ಹೆಚ್ಚಾಗಿ ಬೆಳೆಯುತ್ತದೆ. ಮನೆತನ ಒಂದೇ, ಬದಲಾವಣೆ ಒಂದೇ, ಫಲ ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಥರ.

“ಹುಟ್ಟುವ ನೂರು ಮಕ್ಕಳಲ್ಲಿ ಒಂದಕ್ಕೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತೆ. ಬಹಳಷ್ಟು ಸಲ ಇಂಥದ್ದೇ ಕಾರಣ ಅಂತ ತೋರಿಸೋಕೆ ನಮಗೆ ಆಗಲ್ಲ. ನಿಮ್ಮ ಮನೇಲಿ ತೋರಿಸೋಕೆ ಆಯ್ತು, ಅಷ್ಟೇ. ಇದು ಯಾರ ತಪ್ಪೂ ಅಲ್ಲ. ನಿಮ್ಮ ತಂದೆಗೆ ಏನಾಗಿತ್ತು?”

“ನಲವತ್ತನೇ ವಯಸ್ಸಿಗೆ ಸಂತೇಲಿ ಬಿದ್ರು. ಏಳಲಿಲ್ಲ. ದೃಷ್ಟಿ ಅಂದ್ರು.”

“ಇದೇ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಈಗ ಹೇಳೋಕೆ ಆಗಲ್ಲ. ನಿಮಗೆ ತಲೆ ಸುತ್ತುತ್ತಾ?”

“ಬಿಸಿಲಿಗೆ.”

“ಮಳೆಗಾಲದಲ್ಲಿ?”

ಇಸಿಜಿ ತೆಗೆದಾಗ ಸಾಬರ ಹೃದಯ ನಿಮಿಷಕ್ಕೆ ನಲವತ್ತನಾಲ್ಕು ಸಲ ಬಡಿಯುತ್ತಿತ್ತು. ಇದೇ ಜೀನಿನ ದೋಷ ಹೃದಯದೊಳಗಿನ ವಿದ್ಯುತ್ತಿನ ದಾರಿಯನ್ನೂ ನಿಧಾನ ಮಾಡುತ್ತದೆ, ಇನ್ನು ಮುಂದೆ ವರ್ಷವರ್ಷ ತಪ್ಪದೆ ಬಂದು ತೋರಿಸಬೇಕು ಎಂದರು ಡಾಕ್ಟರ್. ಕೂಸಿನ ತೂತನ್ನು ಔಷಧಿ ಕೊಟ್ಟು ಕಾಯುತ್ತಾ ನೋಡೋಣ. ಮುಚ್ಚಿಕೊಳ್ಳದಿದ್ದರೆ ಮೂರು ನಾಲ್ಕು ವರ್ಷಕ್ಕೆ ಆಪರೇಷನ್. ಜುಬೇರನ ಪ್ರತಿ ಮಗುವಿಗೂ ಇದು ಬರುವ ಸಾಧ್ಯತೆ ನೂರಕ್ಕೆ ಐವತ್ತು, ಹಾಗಾಗಿ ಮುಂದಿನ ಬಸಿರಿಗೆ ಮುಂಚೆ ಬಂದು ಮಾತಾಡಬೇಕು.

ಶನಿವಾರ ಸಾಬರು ಅಂಗಡಿ ತೆರೆಯಲಿಲ್ಲ. ಖೈರುನ್ನೀಸಾ ಎಲ್ಲ ಕೇಳಿಸಿಕೊಂಡು, ಬಹಳ ಹೊತ್ತು ಯೋಚಿಸಿ, ಒಂದು ದಾರಿ ಹೇಳಿದರು.

“ನಾಳೆ ಏನೂ ಹೇಳಬ್ಯಾಡ್ರಿ. ಅಜ್ಜಿ ಕಾಲು ಮುಟ್ಟಿ ತಪ್ಪಾಯ್ತು ಅನ್ರಿ. ಇಮಾಮ್ ಸಾಬರು ಹೆಂಗೂ ರಾಜಿ ಮಾಡಿಸ್ತಾರೆ. ಮೊದಲು ಕೂಸು ಮನೆಗೆ ಬರಲಿ. ಸೋಮವಾರ ಡಾಕ್ಟ್ರೇ ಹೇಳ್ತಾರಲ್ಲ, ಆಮೇಲೆ ತಿಳಿದ್ರಾಯ್ತು.”

ಮಾತು ಸರಿಯೆನಿಸಿತು. ಈಗಲೇ ಹೇಳಿದರೆ ಸೈಫುಲ್ಲಾ ಏನನ್ನಬಹುದು? ನಿಮ್ಮ ರಕ್ತದಲ್ಲೇ ಇಟ್ಟುಕೊಂಡು ನಮ್ಮ ಹುಡುಗಿಯನ್ನು ಕೇಳಿದಿರಲ್ಲ, ಮುಚ್ಚಿಟ್ಟು ಮದುವೆ ಮಾಡಿದವರು ನೀವೇ ಅಲ್ಲವೇ, ಎನ್ನಬಹುದು. ತಾವಾಗಿದ್ದರೆ ಹಾಗೇ ಅನ್ನುತ್ತಿದ್ದೆವು. ಆ ಯೋಚನೆ ಬಂದಾಗ ಸಾಬರಿಗೆ ಮೊದಲ ಸಲ ನುಜತ್ ಆ ಊಟದ ಹೊತ್ತಿನಲ್ಲಿ ಎಲ್ಲಿ ಕೂತಿದ್ದಳು, ಅರ್ಧ ಮುರಿದ ರೊಟ್ಟಿ ಹಾಗೇ ತಟ್ಟೆಯಲ್ಲಿ ಉಳಿದದ್ದು ಎಲ್ಲ ಕಣ್ಣಿಗೆ ಕಟ್ಟಿತು.

ಭಾನುವಾರ ಹತ್ತೂವರೆಗೆ ಸೈಫುಲ್ಲಾ ಅವರ ಪಡಸಾಲೆಯಲ್ಲಿ ಕೂಟ ಸೇರಿತು. ನಡುವೆ ಇಮಾಮ್ ಸಾಬ್, ಎಂಬತ್ತರ ಹತ್ತಿರದವರು. ಒಂದು ಕಡೆ ಸೈಫುಲ್ಲಾ, ಇನ್ನೊಂದು ಕಡೆ ಸಾಬರು, ಖೈರುನ್ನೀಸಾ, ಜುಬೇರ್. ಒಳಬಾಗಿಲ ಪರದೆಯ ಹಿಂದೆ ನುಜತ್, ಅಜ್ಜಿ, ಕೂಸು. ಸಾಬರು ಮೊದಲು ಪರದೆಯ ಬಳಿ ಹೋಗಿ, ಅಜ್ಜಿಗೆ ಕೇಳುವಂತೆ ಕ್ಷಮೆ ಕೇಳಿದರು. ಒಳಗಿನಿಂದ ಮಹೀನ್ ಮಾತ್ರ ಏನೋ ಕೂಗಿದಳು, ತಾತನ ದನಿ ಗುರುತಿಸಿದಂತೆ.

ಇಮಾಮ್ ಸಾಬ್ ಗಂಟಲು ಸರಿ ಮಾಡಿಕೊಂಡರು. ಪಾಲು ಹೇಳುವಾಗ ಅವರು ಈಗಲೂ ರೂಪಾಯಿಗೆ ಹದಿನಾರು ಆಣೆಯ ಹಳೇ ಲೆಕ್ಕದಲ್ಲೇ ಹೇಳುವವರು.

“ನೋಡ್ರಪ್ಪಾ, ಕೂಸಿನ ಬೇನೆ ಎರಡೂ ಕಡೆಯಿಂದ ಒಂದಿಷ್ಟು ಒಂದಿಷ್ಟು ಬಂದಿರ್ತೈತೆ. ಜಗಳಾನೂ ಹಂಗೇ. ಎಂಟಾಣೆ ಸೈಫುಲ್ಲಾದು ಅನ್ನೋಣ, ಎಂಟಾಣೆ ಸಿಕಂದರ್‌ದು. ಕೈ ಕೈ ಹಿಡಿದು ಮುಗಿಸ್ರಿ. ಹುಡುಗಿ ಮನೆಗೆ ಹೋಗಲಿ.”

ಸೈಫುಲ್ಲಾ ಮುಂದಕ್ಕೆ ಸರಿದು ಕೂತರು. ಒಪ್ಪಿಗೆಯೇ ಇರಬೇಕು. ಖೈರುನ್ನೀಸಾ ಗಂಡನ ಕಡೆ ನೋಡಿ ಕಣ್ಣಲ್ಲೇ ತಡೆದರು. ಕೈ ಚಾಚಿದ್ದರೆ ಕೂಸು ಮಧ್ಯಾಹ್ನದ ಬಸ್ಸಿಗೆ ದಾವಣಗೆರೆಯಲ್ಲಿರುತ್ತಿತ್ತು. ಸಾಬರು ಜೇಬಿನಿಂದ ಮಗನ ರಿಪೋರ್ಟನ್ನೂ ತಮ್ಮ ಇಸಿಜಿಯ ಹಾಳೆಯನ್ನೂ ತೆಗೆದು ಇಮಾಮ್ ಸಾಬರ ಮುಂದೆ ಇಟ್ಟರು. ಎಡಗೈಯನ್ನು ಅದರ ಪಕ್ಕಕ್ಕೆ ಚಾಚಿದರು.

“ಡಾಕ್ಟ್ರು ಬೇನೆಗೆ ಯಾರ ತಪ್ಪೂ ಇಲ್ಲ ಅಂದಾರೆ. ಅದನ್ನ ಒಪ್ತೀನಿ. ಆದ್ರೆ ಬಂದದ್ದು ಈ ಕೈಯಿಂದ. ಜುಬೇರಗೆ, ಅವನಿಂದ ಕೂಸಿಗೆ. ಹೆಬ್ಬೆರಳು ಎಂಥದೈತೆ ಅಂತ ಡಾಕ್ಟ್ರು ಕೇಳಿದ ಮೇಲೆ ನಾನು ಊರಿನವರ ಕೈ ಎಲ್ಲ ನೋಡಿದೆ, ಇದನ್ನ ನೋಡಲಿಲ್ಲ. ಈ ಮನೆಯವರು ಏನೂ ಮುಚ್ಚಿಡಲಿಲ್ಲ, ಇಡೋಕೆ ಏನೂ ಇರಲೂ ಇಲ್ಲ. ಅನುಮಾನ ಪಟ್ಟೋನು ನಾನು. ಇನ್ನು ಕಳಿಸೋದು ಬಿಡೋದು ನಿಮಗೆ ಬಿಟ್ಟದ್ದು.”

ಪರದೆ ಅಲುಗಿತು. ನುಜತ್ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು ನಿಂತಳು. ಅವತ್ತೇ ಅವಳು ಹೊರಡಲಿಲ್ಲ. ಸೋಮವಾರ ಜುಬೇರನ ಜೊತೆ ಡಾಕ್ಟರ ಹತ್ತಿರ ಹೋಗಿ, ತನ್ನ ಪ್ರಶ್ನೆಗಳನ್ನೆಲ್ಲ ತಾನೇ ಕೇಳಿ, ಗುರುವಾರ ಮಂಡಿಪೇಟೆಗೆ ಬಂದಳು. ಆದರೆ ಇಮಾಮ್ ಸಾಬರಿಗೆ ಆ ಭಾನುವಾರ ತಮ್ಮ ಲೆಕ್ಕ ಕೆಟ್ಟದ್ದೇ ದೊಡ್ಡದಾಗಿತ್ತು. ಹಾಳೆಗಳನ್ನು ತಿರುವಿ ಹಾಕಿ, ತಲೆಯೆತ್ತಿ ಕೇಳಿದರು.

“ಎಂಟಾಣೆಗೆ ಒಪ್ಪಲ್ಲ ಅನ್ನು. ಹಂಗಾದ್ರೆ ಎಷ್ಟು ನಿನ್ನದು?”

“ಹದಿನಾರಾಣೆ.”